ಊರ ಹೆಸರುಗಳೂ ಯಂತ್ರಲಿಪಿಯೂ

ಮೈಸೂರು ಜಿಲ್ಲೆಯ ಪಡುವಣ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ತಾಲ್ಲೂಕುಗಳಿವೆ. ಮೈಸೂರಿನಿಂದ ಕೋಟೆಗೆ ಹೋಗುವ ದಾರಿಯಲ್ಲಿ ಹಂಪಾಪುರವೆಂಬ ಹೋಬಳಿಯ ಊರು ಸಿಕ್ಕುವುದು. ಈ ದಾರಿಯ ಬಸ್ಸಿನ ಹಲಗೆಗಳನ್ನೂ ಅಂಗಡಿಯ ಹಲಗೆಗಳನ್ನೂ ಓದಿಕೊಂಡು ಹೋದವರಿಗೆ ಕೋಟೆಯ ಹೆಸರು ಎರಡು ಬಗೆಯಾಗಿ ಕಾಣುವುದುಂಟು: ಕೆಲವೆಡೆ "ಎಚ್. ಡಿ. ಕೋಟೆ", ಕೆಲವೆಡೆ "ಹೆಚ್. ಡಿ. ಕೋಟೆ". ಇವುಗಳಲ್ಲಿ ಯಾವುದು ಸಾಧು, ಯಾವುದು ಅಸಾಧು ಎಂಬ ವಾದವು ಕಾಫಿಯ ಅಂಗಡಿಯಿಂದ ಹಿಡಿದು ವಿದ್ಯಾವಂತರ ಕೂಟದವರೆಗೂ ನಡೆಯತಕ್ಕದ್ದು. ಅದು ತೀರಿದುದನ್ನು ಕಂಡವರು ವಿರಳ.

ವಿಷಯವು ನೋಡುವುದಕ್ಕೆ ಅಲ್ಪವಾದುದು. ಇಂಗ್ಲಿಷು ವರ್ಣಮಾಲೆಯ ಎಂಟನೆಯ ಅಕ್ಷರದ ಹೆಸರು ಆ ದೇಶದ ಶಿಷ್ಟೋಚ್ಚಾರಣೆಯಲ್ಲಿ ಸ್ವರದಿಂದ ಮೊದಲಾಗುತ್ತದೆ. ಹಕಾರದಿಂದ ಮೊದಲಾಗುವ ಉಚ್ಚಾರಣೆಯು ಐರ್ಲೆಂಡಿನಲ್ಲಿಯೂ ದಕ್ಷಿಣ ಭಾರತದಲ್ಲಿಯೂ ರೂಢವಾಗಿದೆ. ಮೈಸೂರು ಸೀಮೆಯ ಹಳ್ಳಿಯ ಮಾತಿನಲ್ಲಿ ಪದಾದಿಯ ಹಕಾರವು ಬಿದ್ದುಹೋಗುವುದು. ಹಾಲು "ಆಲು" ಆಗುವುದು, ಹಂಪಾಪುರವು "ಅಂಪಾಪುರ" ಆಗುವುದು. ಹಕಾರವನ್ನು ಬಿಡುವುದು ಗ್ರಾಮ್ಯವೆಂದು ಶಾಲೆಯಲ್ಲಿ ತಿದ್ದಿಸಿಕೊಂಡವನು ಅದು ಇರಬಾರದ ಕಡೆಯಲ್ಲಿಯೂ ಅದನ್ನು ಸೇರಿಸುವುದು ಸಹಜವೇ ಆಗಿದೆ. "ಹೆಚ್" ಎಂಬ ರೂಪವು ನಿಂತುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹೆಗ್ಗಡದೇವನಕೋಟೆಯೆಂದು ಪೂರ್ಣವಾಗಿ ಬರೆದರೆ ಈ ವಾದಕ್ಕೆ ಆಸ್ಪದವೇ ಇಲ್ಲವೆಂಬುದನ್ನು ಮಾತ್ರ ವಾದಿಗಳಿಬ್ಬರೂ ನೆನೆಯುವುದಿಲ್ಲ.

ಇಂಥ ವಾದಗಳನ್ನು ಹರಟೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಊರಿನ ಹೆಸರನ್ನೂ ಮನುಷ್ಯನ ಹೆಸರನ್ನೂ ಈಗ ಕಣ್ಣುಳ್ಳ ಗುಮಾಸ್ತನು ಓದುವುದಕ್ಕಿಂತ ಕಣ್ಣಿಲ್ಲದ ಗಣಕವು ಓದುವುದೇ ಹೆಚ್ಚು. ಗುಮಾಸ್ತನಿಗೆ ಎಚ್ಚೂ ಹೆಚ್ಚೂ ಒಂದೇ ಊರು. ಗಣಕಕ್ಕೆ ಅವು ಎರಡು ಊರುಗಳು. ಆದುದರಿಂದ ಗಣಕವು ಕನ್ನಡವನ್ನು ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಮೊದಲು ರೋಮನ್ ಲಿಪಿಯ ತೊಡಕು. ಹಂಪಾಪುರವೆಂಬ ಹೆಸರನ್ನು ಆ ಲಿಪಿಯಲ್ಲಿ ವಾಡಿಕೆಯಂತೆ ಒಂಬತ್ತು ಅಕ್ಷರಗಳಿಂದ ಬರೆಯುತ್ತಾರೆ. ಅದರಲ್ಲಿ ಮೂರು ಕಡೆ ಬರುವ ಅಕಾರವು ಹ್ರಸ್ವವೋ ದೀರ್ಘವೋ ತಿಳಿಯದು. ಒಂದು ಕಡೆ ಬರುವ ಉಕಾರವೂ ಹಾಗೆಯೇ. ಹೀಗಾಗಿ ಆ ಬರವಣಿಗೆಯನ್ನು ತಿರುಗಿ ಕನ್ನಡಕ್ಕೆ ತರುವಾಗ ಹದಿನಾರು ಬಗೆಯ ಓದು ಸಾಧ್ಯವಾಗುತ್ತದೆ. ಅವುಗಳಲ್ಲಿ ಒಂದು ಮಾತ್ರ ಊರು. ಹುಣಸೂರಿನ ಣಕಾರವು ನಕಾರವಾಗುವುದು, ಮೇಲಾಗಿ ನಡುವಣ ಅಕಾರವೂ ಕೊನೆಯ ಉಕಾರವೂ ಲೋಪವಾಗುವುವು. "ಹಳ್ಳಿ"ಯು ರೋಮನ್ ಲಿಪಿಗೆ ಹೋಗಿ ಹಿಂದಿರುಗಿದರೆ ಗೋಡೆಯ ಮೇಲಣ "ಹಲ್ಲಿ"ಯಾಗುವುದು. ಪಿರಿಯಾಪಟ್ಟಣದ ಹೆಸರಿಗೆ ಆದ ಹಾನಿಯು ಬೇರೆ ಬಗೆಯದು. ಹಳಗನ್ನಡದ "ಪಿರಿಯ" ಎಂಬ ಮಾತು ನಡುಗನ್ನಡದ ಕಾಲದಲ್ಲಿ "ಹಿರಿಯ" ಆಯಿತು. ಪಕಾರವು ಹಕಾರವಾದ ಈ ಮಾರ್ಪಾಟನ್ನು ಒಪ್ಪಿಕೊಳ್ಳದೆ ಹಳೆಯ ರೂಪದಲ್ಲಿಯೇ ಉಳಿದ ಹೆಸರುಗಳಲ್ಲಿ ಇದೊಂದು. ರೋಮನ್ ಲಿಪಿಯಲ್ಲಿ ರೂಢಿಗೆ ಬಂದ "ಪೆರಿಯ" ಎಂಬ ರೂಪವಾದರೋ ತಮಿಳು ಮಲೆಯಾಳಗಳ ಮಾತನ್ನು ಹೋಲುವುದು. ಕನ್ನಡದ ಚರಿತ್ರೆಗೆ ಸಾಕ್ಷಿಯಾದ ಒಂದು ಸ್ವರವು ಹೀಗೆ ಲಿಪಿಯ ದೆಸೆಯಿಂದ ಮರೆಯಾಯಿತು. 2014ರ ನವೆಂಬರ್ 1ರಿಂದ ಕರ್ನಾಟಕ ಸರ್ಕಾರವು ಮೈಸೂರು, ಬೆಂಗಳೂರು ಮೊದಲಾದ ಹನ್ನೆರಡು ನಗರಗಳ ಇಂಗ್ಲಿಷು ಬರವಣಿಗೆಯನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿತು. ನಗರಗಳಿಗೆ ದೊರೆತ ಆ ಭಾಗ್ಯವು ಹಂಪಾಪುರದಂಥ ಊರುಗಳಿಗೆ ಬರಲಿಲ್ಲ.

ಹಾಗಾದರೆ ಕನ್ನಡ ಲಿಪಿಯಲ್ಲಿಯೇ ಬರೆದರೆ ತೊಡಕು ತೀರುವುದೇ ಎಂದರೆ, ಅಲ್ಲಿಯೂ ಪೂರ್ತಿಯಾಗಿ ತೀರುವುದಿಲ್ಲ. ಕನ್ನಡ ಬೆರಳಚ್ಚಿನ ಯಂತ್ರದ ಕೀಲಿಮಣೆಯನ್ನು ರೂಪಿಸಿದ ಅನಂತ ಸುಬ್ಬರಾಯರಿಗೆ ಎದುರಾದ ಪ್ರಶ್ನೆಯು ಅಕ್ಷರದ ಆಕಾರವನ್ನು ಕುರಿತದ್ದು: ತಲೆಕಟ್ಟು, ಕೊಂಬು, ಒತ್ತು ಇವುಗಳನ್ನು ಬಿಡಿಬಿಡಿಯಾಗಿ ಒತ್ತಿ ಕಾಗದದ ಮೇಲೆ ಕೂಡಿಸುವುದು ಹೇಗೆ? ಗಣಕವು ಬಂದ ಮೊದಲಲ್ಲಿ ಕನ್ನಡಿಗರು ಇದೇ ಉಪಾಯವನ್ನು ಅದಕ್ಕೂ ಅನ್ವಯಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ "ಬರಹ", ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ "ನುಡಿ", ಇವುಗಳ ಮೊದಲ ಆವೃತ್ತಿಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಬಿಡಾರ ಮಾಡಿಕೊಂಡಿದ್ದುವು. ಆ ಅಕ್ಷರಮಾಲೆಯು ಇರುವ ಗಣಕದಲ್ಲಿ ಕನ್ನಡವು ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಗಣಕದಲ್ಲಿ ಅದೇ ಪುಟವು ಅರ್ಥವಿಲ್ಲದ ಪರದೇಶದ ಅಕ್ಷರಗಳ ರಾಶಿಯಾಗುತ್ತಿತ್ತು. ಆ ಕಾಲದಲ್ಲಿ ಬೆರಳಚ್ಚು ಮಾಡಿಟ್ಟ ಎಷ್ಟೋ ಗ್ರಂಥಗಳೂ ಕಾಗದಪತ್ರಗಳೂ ಪರಿವರ್ತನೆಯನ್ನು ಕಾದುಕೊಂಡು ಇಂದಿಗೂ ಆ ಸ್ಥಿತಿಯಲ್ಲಿಯೇ ಇವೆ.

"ನುಡಿ"ಯವರಿಗೂ "ಬರಹ"ದವರಿಗೂ ನಡೆದ ವಾಗ್ವಾದವು ಪ್ರಸಿದ್ಧವಾದುದು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಕನ್ನಡದ ಕಾಗುಣಿತದ ಕ್ರಮವೇ ಆಧಾರ: ವ್ಯಂಜನವನ್ನು ಒತ್ತಿದರೆ ಅಕಾರಸಹಿತವಾದ ಅಕ್ಷರವು ಬರುವುದು, ಒಂದು ಕೊಂಡಿಯ ಕೀಲಿಯು ಒತ್ತಕ್ಷರವನ್ನು ಜೋಡಿಸುವುದು, ರೋಮನ್ ಅಕ್ಷರಗಳ ಇಪ್ಪತ್ತಾರು ಕೀಲಿಗಳು ಸಾಲುವುವು. "ನುಡಿ"ಯಲ್ಲಿ ಬಳಕೆಗೆ ಬಂದದ್ದು ಇದೇ. "ಬರಹ"ದಲ್ಲಿ ಮನಸ್ಸು ಮೊದಲು ರೋಮನ್ ಲಿಪಿಯಲ್ಲಿ ಕಾಗುಣಿತ ಮಾಡಿಕೊಳ್ಳಬೇಕು. ಳಕಾರಕ್ಕೆ ದೊಡ್ಡಕ್ಷರ, ಲಕಾರಕ್ಕೆ ಸಣ್ಣಕ್ಷರ. ಎರಡನೆಯದು ಇಂಗ್ಲಿಷು ಬಲ್ಲವರಿಗೆ ಒಂದು ಗಳಿಗೆಯಲ್ಲಿ ಕೈವಶವಾಗುವುದೆಂಬುದು ನಿಜ. ಕನ್ನಡವನ್ನು ಮಾತ್ರ ಕಲಿತ ಹಳ್ಳಿಯ ಹುಡುಗನಿಗೆ ಮೊದಲನೆಯದೇ ನ್ಯಾಯವಾದುದು ಎಂಬುದೂ ಅಷ್ಟೇ ನಿಜ. ಆದರೆ ಈ ಜಗಳವು ಬೆರಳಿಗೆ ಸಂಬಂಧಪಟ್ಟದ್ದು. ಒಳಗೆ ಏನು ಶೇಖರವಾಗುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವು 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಇತ್ತು. ಅದು ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿತು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ದೊರೆತುವು. ಕಕಾರದ ಸಂಖ್ಯೆ 3221, ಸೊನ್ನೆಯದು 3202, ಮಕಾರದ್ದು 3246. ಇಲ್ಲಿ ಶೇಖರವಾಗುವುದು ಆಕಾರವಲ್ಲ, ವರ್ಣ. "ಧರ್ಮ" ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ಆಚೆಗೆ ಕಾಣುತ್ತದೆ. ಕಿವಿಗೆ ಮಕಾರದ ಮೊದಲು ಕೇಳುತ್ತದೆ. ಯೂನಿಕೋಡು ಕಿವಿಯ ಕ್ರಮವನ್ನು ಹಿಡಿಯಿತು. ಇದು ನಮ್ಮ ಪ್ರಾಚೀನ ವೈಯಾಕರಣರಿಗೂ ಸಮ್ಮತವಾಗತಕ್ಕ ಕ್ರಮವೇ.

ಆದರೂ ಕೆಲವು ಬಿರುಕುಗಳು ಉಳಿದುವು. "ಹಂಪಾಪುರ" ಎಂದು ಸೊನ್ನೆಯಿಟ್ಟು ಬರೆದರೆ ಏಳು ಸಂಖ್ಯೆಗಳು; "ಹಮ್ಪಾಪುರ" ಎಂದು ಬರೆದರೆ ಎಂಟು. ಓದುವವನಿಗೆ ಉಚ್ಚಾರಣೆ ಒಂದೇ. ಗಣಕಕ್ಕೆ ಎರಡು ಬೇರೆ ಪದಗಳು. ಇದಾದರೂ ಕಣ್ಣಿಗೆ ಕಾಣುವ ಭೇದ. "ಕೋಟೆ" ಎಂಬಲ್ಲಿ ಭೇದವು ಕಾಣುವುದೇ ಇಲ್ಲ. ಕೋ ಎಂಬ ಅಕ್ಷರವನ್ನು ಓತ್ವದ ಒಂದೇ ಚಿಹ್ನೆಯಿಂದ ಮಾಡಬಹುದು. ಒತ್ವವನ್ನೂ ದೀರ್ಘವನ್ನೂ ಕೂಡಿಸಿ ಮಾಡಬಹುದು. ಎತ್ವ, ಊತ್ವ, ದೀರ್ಘ ಈ ಮೂರನ್ನೂ ಸಾಲಾಗಿ ಇಟ್ಟೂ ಮಾಡಬಹುದು. "ದೇ" ಎಂಬುದಕ್ಕೆ ಹಾಗೆಯೇ ಎರಡು ದಾರಿಗಳು. ಆದುದರಿಂದ ಹೆಗ್ಗಡದೇವನಕೋಟೆಯೆಂಬ ಒಂದೇ ಹೆಸರು, ಕಣ್ಣಿಗೆ ಕಿಂಚಿತ್ತೂ ವ್ಯತ್ಯಾಸವಿಲ್ಲದೆ, ಗಣಕದೊಳಗೆ ಆರು ಬಗೆಯಾಗಿ ಇರಬಹುದು. ಈ ಆರೂ ಸಮಾನವೆಂದು ಯೂನಿಕೋಡಿನ ನಿಯಮವೇ ವಿಧಿಸುತ್ತದೆ. ಆದರೆ ಆ ವಿಧಿಯನ್ನು ಪಾಲಿಸಿ, ಹೋಲಿಸುವುದಕ್ಕೆ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ತಂತ್ರಾಂಶವನ್ನು ಬರೆದವರ ಹೊಣೆ. ಅವರು ಮರೆತ ಕಡೆಯಲ್ಲಿ, ಪಟ್ಟಿಯಲ್ಲಿ ಕಣ್ಣೆದುರಿಗೇ ಇರುವ ಹೆಸರು ಹುಡುಕಿದಾಗ ಸಿಕ್ಕುವುದಿಲ್ಲ.

ಹಳಗನ್ನಡದ ೞಕಾರಕ್ಕೆ ಬಂದ ಗತಿಯು ನಗು ತರಿಸುವಂಥದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಅಕ್ಷರದ ವಿಷಯವಾಗಿ ಎಷ್ಟೋ ಶ್ರಮವಹಿಸಿ, ಅದು ಬರುವ ಪದಗಳನ್ನು ಪಟ್ಟಿಮಾಡಿದನು. ಯೂನಿಕೋಡಿನಲ್ಲಿ ಅದಕ್ಕೆ 3294ನೆಯ ಮನೆ ದೊರೆಯಿತು. ಆದರೆ ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ಮಾತ್ರ "ಫ" ಎಂದಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಸಂಸ್ಥೆಯ ಕಟ್ಟಳೆ. ಆದಕಾರಣ ತಪ್ಪು ಹೆಸರು ಹಾಗೆಯೇ ನಿಂತು, ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದನ್ನು ಬರೆಯಬೇಕಾಯಿತು. ಕಾಫಿಯೆಂಬಲ್ಲಿ ಬರುವ ವಿದೇಶೀಯ ಧ್ವನಿಗೆ ಫಕಾರದ ಕೆಳಗೆ ಇಡುವ ಚುಕ್ಕೆಯು ಬಂದುದು 2003ರಲ್ಲಿ. ಆ ಚುಕ್ಕೆಯನ್ನು ಇಟ್ಟು ಬರೆಯುವವರು ಕೆಲವರು; ಕಾಫಿಯನ್ನು "ಕಾಪಿ"ಯೆಂದು ಕುಡಿಯುವವರು ಬಹುಮಂದಿ.

ದಿನನಿತ್ಯದ ಕಿರುಕುಳಕ್ಕೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗಿರುವುದು ವ್ಯಂಜನಾಂತ ಪದಗಳು. "ರಾಜ್‌ಕುಮಾರ್" ಎಂದು ಬರೆಯಹೊರಟವನಿಗೆ ಯಂತ್ರವು "ರಾಜ್ಕುಮಾರ್" ಎಂದು ಜಕಾರಕ್ಕೆ ಕಕಾರದ ಒತ್ತನ್ನು ಕಟ್ಟಿಕೊಡುವುದು. ಇದನ್ನು ತಡೆಯಲು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ನಡುವೆ ಇಡಬೇಕು. ಇಂಗ್ಲಿಷಿನ "ರ‍್ಯಾಂಕ್" ಎಂಬ ಮಾತಿನಲ್ಲಿ ರಕಾರವು ಅರ್ಕಾವೊತ್ತಾಗದಂತೆ ನೋಡಿಕೊಳ್ಳಲು ಇಂಥದೇ ಮತ್ತೊಂದು ಚಿಹ್ನೆ ಬೇಕು. ಅದನ್ನು ರಕಾರವಾದೊಡನೆ ಇಡುವವರೂ ಇದ್ದಾರೆ, ವ್ಯಂಜನಚಿಹ್ನೆಯ ಅನಂತರ ಇಡುವವರೂ ಇದ್ದಾರೆ. ಕಾಣದ ಚಿಹ್ನೆಯ ಸ್ಥಾನವನ್ನು ಕುರಿತ ಈ ವಿವಾದವು ನ್ಯಾಯಶಾಸ್ತ್ರದವರಿಗೂ ಸಂತೋಷವನ್ನು ಉಂಟುಮಾಡೀತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕನ್ನಡದ ಜಾಯಮಾನವು ಪದವನ್ನು ವ್ಯಂಜನದಲ್ಲಿ ನಿಲ್ಲಿಸುವುದಲ್ಲ. ಹಳಗನ್ನಡದಲ್ಲಿ ಕೆಲವು ವ್ಯಂಜನಗಳು ಪದಾಂತದಲ್ಲಿ ನಿಂತರೂ ಹೊಸಗನ್ನಡವು ಅವುಗಳಿಗೆ ಉಕಾರವನ್ನು ಕೂಡಿಸಿತು. ಎರವಲು ಬಂದ ಮಾತುಗಳನ್ನೂ ಬಸ್ಸು, ಕಾರು, ಫೋನು, ಮೊಬೈಲು ಎಂದು ಒಗ್ಗಿಸಿಕೊಂಡಿತು. "ಬಸ್ಸು" ಎಂದು ಬರೆಯುವ ಮುದುಕನಿಗೆ ಕಾಣದ ಚಿಹ್ನೆಯ ಹಂಗಿಲ್ಲ. ಇಂಗ್ಲಿಷಿನ ಅಂತ್ಯವನ್ನು ಹಾಗೆಯೇ ಉಳಿಸಬೇಕೆಂಬ ಈಚಿನ ಹಂಬಲವೇ ಈ ಕಿರುಕುಳದ ಬಹುಪಾಲಿಗೆ ಮೂಲ. ದೂರನ್ನು ಮಾತ್ರ ಯಂತ್ರವು ಹೊರುತ್ತಿದೆ.

ಯಂತ್ರದ ಜತೆಗೆ ಬಂದ ಪದಗಳ ವಿಷಯದಲ್ಲಿಯೂ ಜಗಳಗಳುಂಟು. "ಅಂತರ್ಜಾಲ"ವೋ "ಅಂತರಜಾಲ"ವೋ ಎಂಬುದು ಅವುಗಳಲ್ಲಿ ಒಂದು. "ಅಂತರ್" ಎಂದರೆ ಒಳಗೆ ಎಂದರ್ಥ, ಆದುದರಿಂದ ಜಾಲಗಳ ನಡುವಣ ಜಾಲಕ್ಕೆ ಅದು ಸಲ್ಲದೆಂದು ಒಂದು ಪಕ್ಷ. ಸಂಸ್ಕೃತದಲ್ಲಿ ಆ ಅವ್ಯಯಕ್ಕೆ ಒಳಗೆ, ನಡುವೆ ಎಂಬ ಎರಡರ್ಥಗಳೂ ಇರುವುದರಿಂದ ಈ ಆಕ್ಷೇಪವು ನಿಲ್ಲುವುದಿಲ್ಲ. ಅದೇ ಅವ್ಯಯವು ರಾಷ್ಟ್ರೀಯ ಶಬ್ದದೊಡನೆ ಕೂಡಿದಾಗ, ರೇಫದ ಮುಂದೆ ರೇಫವು ಲೋಪವಾಗಿ ಹಿಂದಣ ಸ್ವರವು ದೀರ್ಘವಾಗಬೇಕೆಂಬ ಪಾಣಿನೀಯ ಸೂತ್ರಗಳಿಂದ "ಅಂತಾರಾಷ್ಟ್ರೀಯ" ಎಂದಾಗುವುದು. ಜಕಾರದ ಮುಂದೆ ರೇಫಕ್ಕೆ ಅಂಥ ಅಪಾಯವಿಲ್ಲ. "ಅಂತರಜಾಲ"ವನ್ನು ಬಳಸುವವರು ಕನ್ನಡದಲ್ಲಿ ರೂಢವಾದ "ಅಂತರ" ಎಂಬ ನಾಮಪದವನ್ನು ಹಿಡಿದಿದ್ದಾರೆ, ಅದೂ ದೋಷವಲ್ಲ. ಪದವು ಸೂತ್ರದಿಂದ ಮಾತ್ರ ಬದುಕುವುದಿಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ವಂತ ಪ್ರಯತ್ನದಿಂದ ಬಾನುಲಿಯ ನಿಲಯವನ್ನು ಆರಂಭಿಸಿದಾಗ ನಾ. ಕಸ್ತೂರಿಯವರು ಸೂಚಿಸಿದ "ಆಕಾಶವಾಣಿ" ಎಂಬ ಹೆಸರು, ಪುರಾಣದ ಅಶರೀರವಾಣಿಯನ್ನು ನೆನಪಿಗೆ ತಂದು, ಜನರ ಬಾಯಲ್ಲಿ ನಿಂತು, ಕೊನೆಗೆ ದೇಶಕ್ಕೆಲ್ಲ ಸಂದಿತು. ದೂರವಾಣಿಯನ್ನು ಕೈಗೆ ಬಂದಮೇಲೆ "ಜಂಗಮವಾಣಿ" ಎಂದ ಹೆಸರೂ ಸೊಗಸಾದುದೇ. ಆದರೆ ಸಂತೆಯಲ್ಲಿ ಅದು ಮೊಬೈಲಾಗಿಯೇ ಉಳಿದಿದೆ.

ಇವೆಲ್ಲವೂ ವಿನೋದವೆಂದು ತೋರಬಹುದು. ಆದರೆ ಇದರ ಭಾರವು ಬೀಳುವುದು ರೈತನ ಮೇಲೆ. 2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರವು "ಭೂಮಿ" ಯೋಜನೆಯಿಂದ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆ ದಾಖಲೆಯು ಕನ್ನಡದಲ್ಲಿದೆ. 2010ರಿಂದ ಹಂಚಲ್ಪಟ್ಟ ಆಧಾರ್ ಚೀಟಿಯಲ್ಲಿ ಹೆಸರು ರೋಮನ್ ಲಿಪಿಯಲ್ಲಿಯೂ ಕನ್ನಡದಲ್ಲಿಯೂ ಇರುತ್ತದೆ. ಅಲ್ಲಿ ಕನ್ನಡದ ರೂಪವನ್ನು ರೋಮನ್ ಲಿಪಿಯಿಂದ ಯಂತ್ರವೇ ಲಿಪ್ಯಂತರಿಸಿ ತೋರಿಸುವುದು, ತಪ್ಪಿದ್ದರೆ ತಿದ್ದುವುದು ಅಲ್ಲಿ ಕುಳಿತವನ ಕೆಲಸ. ಹಂಪಾಪುರದ ಸೀಮೆಯಲ್ಲಿ ಸಾಮಾನ್ಯವಾದ ಕಾಳಯ್ಯನೆಂಬ ಹೆಸರನ್ನು ತೆಗೆದುಕೊಳ್ಳಬಹುದು. ಪಹಣಿಯಲ್ಲಿ ಅವನು ಕಾಳಯ್ಯ. ರೋಮನ್ ಲಿಪಿಯನ್ನು ದಾಟಿ ಬಂದಮೇಲೆ ಅವನು "ಕಲಯ್ಯ"ನಾಗಬಹುದು, "ಕಲೈಯ"ನಾಗಬಹುದು. ಲಿಂಗೇಗೌಡನೆಂದು ದಾಖಲೆಯಲ್ಲಿರುವವನು ಊರಿನ ಬಾಯಲ್ಲಿ ನಿಂಗೇಗೌಡನಾಗಿದ್ದು, ಕೇಳಿದವರಿಗೆ ಆ ಹೆಸರನ್ನೇ ಹೇಳಿರಬಹುದು. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿಗಳು ಮೂರು ಕಂತುಗಳಾಗಿ ರೈತನ ಲೆಕ್ಕಕ್ಕೆ ಸೇರಬೇಕಾದರೆ ಜಮೀನು, ಆಧಾರ್, ಬ್ಯಾಂಕು ಇವುಗಳ ವಿವರಗಳು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಕಂತು ನಿಲ್ಲುವುದು. ಜಮೀನನ್ನು ಉತ್ತು ಬಿತ್ತುವವನು, ತಾನು ತಾನೇ ಎಂಬುದಕ್ಕೆ ಪ್ರಮಾಣಪತ್ರವನ್ನು ಮಾಡಿಸಿಕೊಂಡು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುವುದು.

ಪರಿಹಾರವು ಅಸಾಧ್ಯವೇನೂ ಅಲ್ಲ. ಹೋಲಿಸುವ ತಂತ್ರಾಂಶವು ಮೊದಲು ಕೋಟೆಯ ಆರು ರೂಪಗಳನ್ನು ಒಂದು ಮಾಡಲಿ. ಸೊನ್ನೆಯನ್ನೂ ಅನುನಾಸಿಕವನ್ನೂ ಸಮವೆಂದು ಎಣಿಸಲಿ. ಕಾಣದ ಚಿಹ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಕನ್ನಡದಿಂದ ರೋಮನ್ ಲಿಪಿಗೆ ಹೋಗುವ ದಾರಿಯು ನೇರವಾದುದು, ಅಲ್ಲಿಂದ ಹಿಂದಿರುಗುವ ದಾರಿಯು ಹದಿನಾರು ಕವಲುಗಳುಳ್ಳದ್ದು ಎಂಬುದನ್ನು ತಿಳಿದು, ಹೆಸರನ್ನು ಮೊದಲು ಕನ್ನಡದಲ್ಲಿ ಕೇಳಿ ಬರೆದುಕೊಂಡು, ರೋಮನ್ ರೂಪವನ್ನು ಅದರಿಂದ ಪಡೆಯಬೇಕು. ಪಹಣಿಯ ಕನ್ನಡವು ಗಣಕದಲ್ಲಿ ಆಗಲೇ ಇರುವುದರಿಂದ, ಕಾಳಯ್ಯನ ಳಕಾರಕ್ಕೂ ದೀರ್ಘಕ್ಕೂ ಆಧಾರವನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ.