ಕೆಫೀನಿನ ಚಿತ್ರಕ್ಕೂ ಬೇಕು ಡಿಟರ್ಜೆಂಟ್

ಸಕಲೇಶಪುರ, ಆಲೂರು ಸೀಮೆಯಲ್ಲಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಅದು ನಿದ್ದೆ ಓಡಿಸುವುದು ನರಕೋಶದ ಪೊರೆಯಲ್ಲಿ ಹುದುಗಿರುವ ಎ2ಎ ಎಂಬ ಪ್ರೋಟೀನಿಗೆ ಅಂಟಿಕೊಂಡು. ದಣಿವು ತಿಳಿಸುವ ಅಡೆನೊಸಿನ್ ಕೂರಬೇಕಾದ ಜಾಗವನ್ನು ಕೆಫೀನ್ ಹಿಡಿದುಬಿಡುತ್ತದೆ. ಹಾಗೆ ಕೂತ ಭಂಗಿ ಕ್ಷ-ಕಿರಣದ ಚಿತ್ರವಾಗಿ 2011ರಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರೋಟೀನು ಮೊದಲು ಹರಳುಗಟ್ಟಬೇಕಿತ್ತು. ಹರಳುಗಟ್ಟಿಸಲು ಡಿಟರ್ಜೆಂಟ್ ಬೇಕಿತ್ತು.

ಪೊರೆಯ ಪ್ರೋಟೀನಿನ ನಡುಭಾಗಕ್ಕೆ ನೀರು ಆಗದು, ಕೊಬ್ಬಿನ ಸಂಗವೇ ಅದಕ್ಕೆ ಹಿತ. ಬರಿ ನೀರಿಗೆ ತಂದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಡಿಟರ್ಜೆಂಟ್ ಅಣುವಿಗೆ ನೀರಿಗೊಗ್ಗುವ ತಲೆ, ಕೊಬ್ಬಿಗೊಗ್ಗುವ ಬಾಲ. ಅದನ್ನು ಬೆರೆಸಿ ತಣ್ಣಗಿಟ್ಟು ಕಲಕುತ್ತಿದ್ದರೆ ಕದಡಿದ್ದ ದ್ರಾವಣ ನಿಧಾನವಾಗಿ ತಿಳಿಯಾಗುತ್ತದೆ: ಪೊರೆ ಕರಗಿದೆ, ಪ್ರೋಟೀನಿನ ಸೊಂಟಕ್ಕೆ ಡಾಬು ಬಿಗಿದಂತೆ ಡಿಟರ್ಜೆಂಟ್ ಸುತ್ತಿಕೊಂಡಿದೆ.

ಯಾವ ಡಿಟರ್ಜೆಂಟ್ ಎನ್ನುವುದರಲ್ಲೇ ಕೈಚಳಕ ಇರುವುದು. ಎಸ್‌ಡಿಎಸ್‌ನಂಥ ಒರಟು ಜಾತಿಯದು ಪ್ರೋಟೀನಿನ ಮಡಿಕೆಯನ್ನೇ ಬಿಚ್ಚಿಹಾಕುತ್ತದೆ. ಸಕ್ಕರೆ ತಲೆಯವು ಸಾಧು. 12 ಕಾರ್ಬನ್ ಬಾಲದ ಡಿಡಿಎಂನಲ್ಲಿ ಪ್ರೋಟೀನು ಕ್ಷೇಮವಾಗಿರುತ್ತದೆ, ಆದರೆ ಡಾಬು ದಪ್ಪ; ಹರಳಿನಲ್ಲಿ ನೆರೆಯವನನ್ನು ಮುಟ್ಟಬೇಕಾದ ಅಂಚುಗಳು ಅದರಡಿ ಮುಚ್ಚಿಹೋಗುತ್ತವೆ. 8 ಕಾರ್ಬನ್ ಬಾಲದ ಆಕ್ಟೈಲ್ ಗ್ಲೂಕೊಸೈಡಿನ ಡಾಬು ತೆಳು, ಅಂಚು ಹೊರಗೆ ಚಾಚುತ್ತದೆ, ಆದರೆ ಅದರಲ್ಲಿ ಬಹಳ ಪ್ರೋಟೀನುಗಳು ಬಾಳುವುದಿಲ್ಲ. ಹಾಗಾಗಿ ಡಿಡಿಎಂನಂಥ ಸಾಧುವಿನಲ್ಲಿ ಬಿಡಿಸಿ, ಕಾಲಂ ಎಂಬ ಶುದ್ಧೀಕರಣದ ಕೊಳವೆಯಲ್ಲಿ ಹಾಯಿಸುತ್ತಾ ಚಿಕ್ಕ ಬಾಲದ್ದಕ್ಕೆ ಬದಲಿಸಿ ನೋಡುವುದು ರೂಢಿ. ಎ2ಎಯ ಚಿತ್ರ ತೆಗೆದ ತಂಡ ಪ್ರೋಟೀನನ್ನೇ ತಿದ್ದಿ, ಚಿಕ್ಕ ಬಾಲವನ್ನು ತಾಳಿಕೊಳ್ಳುವಷ್ಟು ಗಟ್ಟಿ ಮಾಡಿತು.

ಅಳತೆಯೂ ನಾಜೂಕು. ಡಿಡಿಎಂ ಅಣುಗಳು ನೂರಕ್ಕೆ ಸುಮಾರು 0.01 ಪಾಲು ಇದ್ದರೇ ಗುಂಪುಗೂಡುತ್ತವೆ, ಆಕ್ಟೈಲ್ ಗ್ಲೂಕೊಸೈಡಿಗೆ 0.5ರ ಆಸುಪಾಸು ಬೇಕು. ಅದಕ್ಕಿಂತ ಕಡಿಮೆಯಾದರೆ ಡಾಬು ಕಳಚುತ್ತದೆ. ಜಾಸ್ತಿಯಾದರೆ ಇನ್ನೊಂದು ರಗಳೆ: ಪ್ರೋಟೀನನ್ನು ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಗಟ್ಟಿ ಮಾಡುವಾಗ ಡಿಟರ್ಜೆಂಟಿನ ಖಾಲಿ ಗುಂಪುಗಳೂ ಹಿಂದುಳಿಯುತ್ತವೆ, ಆಮೇಲೆ ಸೂಕ್ಷ್ಮದರ್ಶಕದಡಿ ಹರಳಿನ ಬದಲು ಜಿಡ್ಡುಹನಿಗಳೇ ಕಾಣುತ್ತವೆ.

ಈ ದಾರಿ ತೆರೆದವರು ಜರ್ಮನಿಯ ಹಾರ್ಟ್‌ಮುಟ್ ಮಿಶೆಲ್. ಬೆಳಕುಂಡು ಬಾಳುವ ಒಂದು ಬ್ಯಾಕ್ಟೀರಿಯಾದ ಪ್ರೋಟೀನಿನ ಹರಳನ್ನು 1982ರಲ್ಲಿ ಪ್ರಕಟಿಸಿದರು. ಡಿಟರ್ಜೆಂಟ್ ಜೊತೆಗೆ ಹೆಪ್ಟೇನ್‌ಟ್ರಯಾಲ್ ಎಂಬ ಪುಟ್ಟ ಅಣು ಬೆರೆಸಿ ಡಾಬನ್ನು ಇನ್ನಷ್ಟು ಕಿರಿದಾಗಿಸಿದ್ದು ಅವರ ಜಾಣ್ಮೆ. 1988ರ ನೊಬೆಲ್ ಡೈಸೆನ್‌ಹೋಫರ್, ಹೂಬರ್ ಜೊತೆ ಅವರಿಗೆ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆ ಬಲ್ಲವರಲ್ಲಿ ಒಬ್ಬರು ಅರವಿಂದ್ ಪೆನ್ಮತ್ಸ. ಅಮೆರಿಕದಲ್ಲಿದ್ದಾಗ ಎರಿಕ್ ಗೂ ಜೊತೆ, ಡೋಪಮೈನ್ ಸಾಗಿಸುವ ಹಣ್ಣುನೊಣದ ಪ್ರೋಟೀನಿನ ರಚನೆಯನ್ನು 2013ರಲ್ಲಿ ತೋರಿಸಿದರು. ಅಲ್ಲಿ ಪ್ರೋಟೀನಿಗೆ ಪ್ರತಿಕಾಯದ ತುಣುಕೊಂದನ್ನು ಕಚ್ಚಿಸಿದ್ದರು. ಡಾಬಿನಾಚೆ ಚಾಚಿದ ಆ ತುಣುಕು ನೆರೆಯವನ ಕೈಗೆ ಸಿಗುತ್ತದೆ. ಈಗ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದು ಹರಳಿನ ಹಂಗು ತಪ್ಪಿದೆ. ಆದರೆ ಪ್ರೋಟೀನನ್ನು ಪೊರೆಯಿಂದ ಬಿಡಿಸಲು ಹೆಚ್ಚಿನವರು ಇಂದಿಗೂ ಮೊದಲು ಎತ್ತಿಕೊಳ್ಳುವುದು ಡಿಡಿಎಂ ಶೀಶೆಯನ್ನೇ.