ಮರದ ಮೀನಿಗೆ ಗಾಳಿಯ ಕುಂಚ

ಬಾದಾಮಿಯ ಸೀಮೆಯನ್ನು ಹಾದು ಬಂದ ಮಲಪ್ರಭೆಯು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದು. ಅತ್ತ ಹಳೆಯ ಬಾಗಲಕೋಟೆಯ ಒಂದು ಭಾಗವೇ ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ಈ ನೀರುಗಳಲ್ಲಿ ಮೀನುಗಾರರ ಮುಖ್ಯ ಸಾಧನವು ಬಲೆಯೇ ಸರಿ. ಗಾಳದವರಲ್ಲಿ ಮಾತ್ರ ಇನ್ನೊಂದು ಉಪಾಯವುಂಟು: ಹಗುರವಾದ ಮರವನ್ನು ಮೀನಿನಂತೆ ಕೆತ್ತಿ, ಕೊಕ್ಕೆ ಸಿಕ್ಕಿಸಿ, ಬಣ್ಣ ಹಾಕಿ ನೀರಿನಲ್ಲಿ ಎಳೆಯುವುದು. ಬೇಟೆಯಾಡುವ ಕೊರವ ಮೀನು ಈ ಹುಸಿಮೀನಿಗೆ ಎರಗುವುದು.

ಬಣ್ಣಕ್ಕೆ ಮೊದಲು ಮರದ ರಂಧ್ರಗಳನ್ನು ಮುಚ್ಚಬೇಕು. ನೀರು ಹೀರಿದ ಮರವು ಉಬ್ಬುವುದು, ಬಣ್ಣ ಬಿರಿಯುವುದು, ತೂಕ ಹೆಚ್ಚಿ ಈಜಿನ ಗತಿಯೇ ಕೆಡುವುದು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರೂ ಗೊಂಬೆಗೆ ನೇರವಾಗಿ ಬಣ್ಣ ಬಳಿಯರು. ಮೊದಲು ಮೈಯನ್ನು ಲೇಪದಿಂದ ನುಣುಪುಗೊಳಿಸುವರು.

ಮೀನಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಇದೇಕೆ? ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಇದಕ್ಕೆ ಉತ್ತರವಿತ್ತನು. ಮೇಲಿನ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಿಗೆ ತಳ್ಳುವುದು. ಮೈಬಣ್ಣವು ಇದಕ್ಕೆ ವಿರುದ್ಧವಾದುದರಿಂದ ಎರಡೂ ಸರಿದೂಗಿ ಮೀನು ಚಪ್ಪಟೆಯಾಗಿ, ಅಸ್ಪಷ್ಟವಾಗಿ ಕಾಣುವುದು. ಹಾಗಾದರೆ ಕಣ್ಣಿಗೆ ಬೀಳಲೇಬೇಕಾದ ಹುಸಿಮೀನಿಗೆ ಮರೆಮಾಚುವ ಬಣ್ಣವೇಕೆಂದು ವಾಚಕರು ಕೇಳಬಹುದು. ಹುಸಿಮೀನು ಓಲಾಡುತ್ತ ಸಾಗುವುದಷ್ಟೆ. ವಾಲಿದಾಗಲೆಲ್ಲ ಬಿಳಿಯ ಹೊಟ್ಟೆ ಮಿಂಚುವುದು. ನಿತ್ರಾಣಗೊಂಡ ಮೀನೂ ಹೀಗೆಯೇ ವಾಲುವುದು.

ಇಳಕಲ್ಲ ಸೀರೆಯಲ್ಲಿ ಒಡಲೂ ಸೆರಗೂ ಕೂಡುವೆಡೆ ಬಣ್ಣ ಥಟ್ಟನೆ ಬದಲಾಗುವುದು. ಅದೇ ಅದರ ಚೆಲುವು. ಮೀನಿನ ಮೈಯಲ್ಲಿ ಅಂತಹ ಗೆರೆಯಿಲ್ಲ, ಕಪ್ಪು ಬಿಳಿಯಲ್ಲಿ ಕರಗಿಹೋಗುವುದು. ಕೂದಲಿನ ಕುಂಚಕ್ಕೆ ಇದು ಕಷ್ಟ. ಏರ್‌ಬ್ರಷ್ಷಿಗೆ, ಎಂದರೆ ಗಾಳಿಕುಂಚಕ್ಕೆ, ಸುಲಭ. ಇದರ ಮೂತಿಯಲ್ಲಿ ಸೂಜಿಯೊಂದಿದೆ. ಸುತ್ತಲಿನ ಕಿರಿಗಂಡಿಯಿಂದ ಒತ್ತಿದ ಗಾಳಿ ರಭಸವಾಗಿ ಹೊರಡುವಾಗ ತುದಿಯ ಬಳಿ ಒತ್ತಡವಿಳಿದು ಬಣ್ಣ ಸೆಳೆಯಲ್ಪಡುವುದು. ಗಾಳಿ ಅದನ್ನು ಸೀಳಿ ಮಂಜಿನಂತೆ ಹರಡುವುದು. ಹನಿಗಳು ನಡುವೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಬೀಳುವುದರಿಂದ ಗೆರೆಯೇ ಮೂಡದು. ಹುರುಪೆಗಳ ಚಿತ್ರಕ್ಕೆ ಸೊಳ್ಳೆಪರದೆಯ ಚೂರು ಸಾಕು! ಅದನ್ನು ಬಿಗಿಯಾಗಿ ಸುತ್ತಿ ಬಣ್ಣ ಸಿಂಪಡಿಸಿ ತೆಗೆದರೆ, ಎಳೆಗಳು ಮರೆಮಾಡಿದೆಡೆ ಹಳೆಯ ಬಣ್ಣವುಳಿದು ಜಾಲರಿ ಮೂಡುವುದು.

ಬಾಗಲಕೋಟೆಯ ಬೇಸಗೆಯಲ್ಲಿ ಒಂದು ತೊಡಕುಂಟು. ಒಣಬಿಸಿಗಾಳಿಯಲ್ಲಿ ಹನಿಗಳು ದಾರಿಯಲ್ಲೇ ಆರಿ, ಮರದ ಮೇಲೆ ಪುಡಿಯಾಗಿ ಕೂರುವುವು. ಆಗ ಮೂತಿಯನ್ನು ಹತ್ತಿರಕ್ಕೆ ತರಬೇಕು, ಇಲ್ಲವೆ ಬೆಳಗಿನ ತಂಪಿನಲ್ಲಿ ಕೆಲಸ ಮಾಡಬೇಕು. ತೀರ ಹತ್ತಿರವಾದರೆ ಬಣ್ಣ ಸೋರುವುದು.

ಯಾವ ಬಣ್ಣವೆಂಬುದು ನೀರನ್ನವಲಂಬಿಸಿದೆ. ತಿಳಿನೀರು ಕೆಂಪನ್ನು ಮೊದಲು ನುಂಗುವುದು. ಮಳೆಗಾಲದ ಕೆಸರುನೀರಿನಲ್ಲಿ ನೀಲಿ ಬಹುಬೇಗ ಅಳಿಯುವುದು. ಕದಡಿದ ನೀರಿನಲ್ಲಿ ಬಣ್ಣದ ಸೊಗಸಿಗಿಂತ ಕಪ್ಪು-ಬಿಳುಪಿನ ಅಂತರವೇ ಹೆಚ್ಚು ಉಪಯುಕ್ತವೆಂದು ನಮ್ಮ ಎಣಿಕೆ.

ಈ ಮಂಜು ಮರದ ಮೇಲಷ್ಟೇ ಕೂರದು, ಉಸಿರಿನೊಡನೆ ಶ್ವಾಸಕೋಶದ ಆಳಕ್ಕೂ ಇಳಿಯುವುದು. ನೀರಿನಲ್ಲಿ ಕಲಸಿದ ಬಣ್ಣವಾದರೂ ತೆರೆದ ಜಾಗವೂ ತಕ್ಕ ಮುಖವಾಡವೂ ಬೇಕು. ಕೊನೆಗೆ ಹೊಡೆಯುವ, ಎರಡು ಭಾಗ ಬೆರೆಸುವ ಕೆಲವು ವಾರ್ನಿಷುಗಳಲ್ಲಿ ಐಸೊಸಯನೇಟ್ ಇರುವುದು. ಅದು ಉಬ್ಬಸ ತರಬಲ್ಲದು, ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು. ಅಂತಹ ವಾರ್ನಿಷನ್ನು ವಿದ್ಯಾರ್ಥಿಗಳು ಮನೆಯಲ್ಲಿ ಸಿಂಪಡಿಸಲೇಬಾರದು.

ಕೊರವವು ಮರಿಗಳ ಗುಂಪನ್ನು ಕಾಯುವ ಮೀನು. ಆಗ ಅದು ಹಸಿವಿಲ್ಲದೆಯೂ, ಹತ್ತಿರ ಸುಳಿದ ಹುಸಿಮೀನಿನ ಮೇಲೆ ಸಿಟ್ಟಿನಿಂದ ಎರಗುವುದು. ಕಾವಲಿನ ಮೀನನ್ನು ಎಳೆದುಕೊಂಡರೆ ಮರಿಗಳು ಇತರ ಮೀನುಗಳ ಬಾಯಿಗೆ ಬೀಳುವುವು. ಮೇಲ್ನೀರಿನಲ್ಲಿ ಮರಿಗಳು ಗುಂಪಾಗಿ ಉಸಿರಿಗೇಳುವುದನ್ನು ಕಂಡವರು ಅಲ್ಲಿ ಗಾಳವೆಸೆಯದೆ ಮುಂದೆ ಸಾಗಬೇಕು.