ಸಂಕ್ರಾಂತಿಗೇ ಮುಗಿದುಹೋಗುವ ಕುಲಾವಿ

ಹೋದ ಜನವರಿಯ ಕೊನೆಯ ವಾರ ನನ್ನ ನಾಲ್ಕು ವರ್ಷದ ಮೊಮ್ಮಗನ ಉಣ್ಣೆಯ ಕುಲಾವಿ ಬಸ್ಸಿನಲ್ಲಿ ಕಳೆದುಹೋಯಿತು. ಹುಬ್ಬಳ್ಳಿಯ ಮುಂಜಾವಿನ ಥಂಡಿಯಲ್ಲಿ ಮಗುವನ್ನು ಬರಿದಲೆಯಲ್ಲಿ ಶಾಲೆಗೆ ಕಳುಹಿಸಲಾದೀತೇ? ನಾಲ್ಕು ಅಂಗಡಿ ಸುತ್ತಿದೆ. ಎಲ್ಲೆಡೆ ಬೇಸಿಗೆಯ ಹತ್ತಿ ಉಡುಪು ಬಂದು ಕುಳಿತಿತ್ತು. ನಾಲ್ಕನೆಯ ಅಂಗಡಿಯ ಮಾಲೀಕರು ನನ್ನ ಕಕ್ಷಿದಾರರೇ. "ಸರ್, ಸಂಕ್ರಾಂತಿಯೊಳಗೆ ಉಣ್ಣೆ ಮಾಲು ಖಾಲಿ ಮಾಡಿರಿ ಎಂದವರು ನೀವೇ ಅಲ್ಲವೇ?" ಎಂದು ನಕ್ಕರು. ಹೌದು, ಹೇಳಿದ್ದೆ.

ಆ ಸಲಹೆಗೆ ಕಾರಣವಿಲ್ಲದೆ ಇರಲಿಲ್ಲ. ಈ ಸರಕಿನ ಬಹುಪಾಲು ಲೂಧಿಯಾನದಿಂದ ಬರುತ್ತದೆ. ಅಲ್ಲಿನ ತಯಾರಕರು ಬೇಸಿಗೆಯಲ್ಲಿಯೇ ಬೇಡಿಕೆ ಪಡೆದು ಚಳಿಗಾಲಕ್ಕೆ ಮುನ್ನ ಮಾಲು ರವಾನಿಸುತ್ತಾರೆ. ನಡುವೆ ಮತ್ತೆ ತರಿಸುವುದು ಕಷ್ಟ. ಬೀದಿಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟನ್ ವರ್ತಕರೂ ಋತು ಮುಗಿಯುತ್ತಲೇ ಮುಂಡಗೋಡ, ಬೈಲಕುಪ್ಪೆಗಳಿಗೆ ಮರಳುತ್ತಾರೆ. ಆದರೆ ಚಳಿ ಶಿವಶಿವಾ ಎಂದು ಓಡುವುದು ಶಿವರಾತ್ರಿಗೆ ಎಂಬುದು ನಮ್ಮ ಜನರ ಲೆಕ್ಕ. ಅಂಗಡಿಯ ಪಂಚಾಂಗಕ್ಕೂ ಗಿರಾಕಿಯ ಪಂಚಾಂಗಕ್ಕೂ ಒಂದು ತಿಂಗಳಿಗೂ ಮಿಕ್ಕಿ ಅಂತರವಿದೆ.

ದೊಡ್ಡವರ ಸ್ವೆಟರಿನ ಮಾತು ಬೇರೆ. ಹೋದ ವರ್ಷದ್ದೇ ನಡೆಯುತ್ತದೆ. ಮಕ್ಕಳ ಟೋಪಿ, ಕೈಗವಸು, ಕಾಲುಚೀಲಗಳು ಒಂದೋ ಚಿಕ್ಕದಾಗುತ್ತವೆ, ಇಲ್ಲವೇ ಕಳೆದುಹೋಗುತ್ತವೆ. ಎರಡನೆಯ ಖರೀದಿ ಹುಟ್ಟುವುದೇ ಜನವರಿಯಲ್ಲಿ. ಆಗ ಬರುವ ತಾಯಿ ಚೌಕಾಸಿಗೆ ನಿಲ್ಲುವುದಿಲ್ಲ.

ಲೆಕ್ಕ ಹಾಕೋಣ. ತಲಾ ₹60ರ ಅಸಲಿನ 100 ಟೋಪಿಗಳೆಂದರೆ ₹6,000. ₹45ಕ್ಕೆ ಕಳೆದರೆ ₹1,500 ನಷ್ಟ. ಫೆಬ್ರವರಿಯಿಂದ ಒಂಬತ್ತು ತಿಂಗಳು ಇಟ್ಟುಕೊಂಡರೆ ಶೇಕಡಾ 12ರ ದರದಲ್ಲಿ ಬಡ್ಡಿ ₹540. ಸ್ಥಳವೋ, ಒಂದು ರಟ್ಟಿನ ಪೆಟ್ಟಿಗೆಯಷ್ಟು. ಇಷ್ಟು ಸರಳ ಗುಣಾಕಾರವನ್ನು ನಾನು ಮೊದಲೇ ಮಾಡಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಉಣ್ಣೆ ಮಾಲೆಂದರೆ ಕಟ್ಟುಬಿದ್ದ ಬಂಡವಾಳವೆಂದು ಕೋಟಿಗೂ ಕುಲಾವಿಗೂ ಒಂದೇ ಅಳತೆ ಹಿಡಿದಿದ್ದೆ.

ಮಾರ್ಚ್ 31ರ ದಾಸ್ತಾನಿನ ಭಯವೂ ಅತಿಯಾದುದು. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಲು ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. ಮುಂದಿನ ಚಳಿಗಾಲಕ್ಕೆ ಅಸಲಿಗಿಂತ ಹೆಚ್ಚಿಗೆ ಮಾರಾಟವಾಗುವ ಸಾದಾ ಟೋಪಿಯನ್ನು ಅಸಲಿನಲ್ಲಿಯೇ ತೋರಿಸಬಹುದು. ಉಳಿದುದನ್ನು ಪುಕ್ಕಟೆ ಹಂಚಿದರೆ ಅದರ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು ಹಿಂದಿರುಗಿಸಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಸೂಕ್ಷ್ಮ ಅಥವಾ ಸಣ್ಣ ತಯಾರಕರ ಬಿಲ್ಲನ್ನು ಕರಾರು ಇದ್ದರೂ 45 ದಿನ ಮೀರಿ ಬಾಕಿ ಇರಿಸಬಾರದು. ಗಡುವು ಮೀರಿದ ಬಾಕಿ ವರ್ಷಾಂತ್ಯಕ್ಕೂ ಉಳಿದರೆ, ಹಣ ಕೊಡುವವರೆಗೆ ಆ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದು. 2024-25ನೇ ಕರನಿರ್ಧರಣಾ ವರ್ಷದಿಂದ ಬಂದ ಈ ನಿಯಮ ಹಲವರಿಗೆ ಪೆಟ್ಟು ಕೊಟ್ಟಿದೆ.

ಎಲ್ಲವನ್ನೂ ಉಳಿಸಿಕೊಳ್ಳಿರೆಂದು ಹೇಳುತ್ತಿಲ್ಲ. ಕಾರ್ಟೂನ್ ಚಿತ್ರದ ಮಾಲು ಮರುವರ್ಷ ಹಳತಾಗುತ್ತದೆ. ಅದನ್ನು ಡಿಸೆಂಬರಿನಲ್ಲಿಯೇ ಕಳೆಯುವುದು ಲೇಸು. ಅಸಲಿ ಉಣ್ಣೆಗೆ ನುಸಿ ಹಿಡಿಯುತ್ತದೆ, ಅಕ್ರಿಲಿಕ್ಕಿಗೆ ಆ ಕಾಟವಿಲ್ಲ.

ಆ ಕಕ್ಷಿದಾರರು ಈಗ ಸಾದಾ ಬಣ್ಣದ, ಮೂರು ಅಳತೆಯ ಟೋಪಿ ಮತ್ತು ಕೈಗವಸುಗಳ ಒಂದು ಪೆಟ್ಟಿಗೆಯನ್ನು ಗಲ್ಲಾದ ಕೆಳಗೆ ಶಿವರಾತ್ರಿಯವರೆಗೂ ಇಡಲು ನಿಶ್ಚಯಿಸಿದ್ದಾರೆ. ರಿಯಾಯಿತಿ ಮಾತ್ರ ಇಲ್ಲವಂತೆ, ಲೆಕ್ಕಪರಿಶೋಧಕರಿಗೂ.